ರೇಡಿಯೋದವರಿಗೆ ಕಾರ್ಡು ಬರೆಯುವ ಮುನ್ನ

ನನ್ನ ಮೇಜಿನ ಡ್ರಾಯರಿನಲ್ಲಿ 2009ರ ಒಂದು ಪತ್ರದ ನಕಲು ಈಗಲೂ ಉಂಟು. ಒಂದು ರೇಡಿಯೋ ಕೇಂದ್ರಕ್ಕೆ ಬರೆದದ್ದು. ಕಾರ್ಬನ್ ಇಟ್ಟು ನಕಲು ತೆಗೆದಿದ್ದೆ, ಅಷ್ಟು ಹೆಮ್ಮೆ! ‘ನಾನು ಮೂರೂವರೆ ಎಕರೆಯ ಪ್ರಗತಿಪರ ಕೃಷಿಕನಾಗಿರುತ್ತೇನೆ. ಅಡಿಕೆ, ತೆಂಗು, ಕಾಳುಮೆಣಸು, ಬಾಳೆ, ಕೊಕ್ಕೊ, ಜೇನು, ಹೈನುಗಾರಿಕೆ ಎಲ್ಲವನ್ನೂ ಮಾಡಿರುತ್ತೇನೆ. ನನ್ನ ಸಂದರ್ಶನ ನಡೆಸಬೇಕಾಗಿ ವಿನಂತಿ’ ಅಂತ ಶುರುವಾಗಿ ಎರಡೂವರೆ ಪುಟ. ಕೊನೆಗೆ ಪಂಚಾಯತಿನಲ್ಲಿ ಶಾಲು ಹೊದೆಸಿದ ವಿಷಯವೂ ಉಂಟು.

ಉತ್ತರ ಬರಲಿಲ್ಲ. ಒಂದು ವರ್ಷ ಕಾದೆ. ಅವರಿಗೆ ಬೇಕಾದವರನ್ನೇ ಕರೆಯುತ್ತಾರೆ, ನಮ್ಮಂಥ ಸಣ್ಣವರು ಯಾರಿಗೆ ಬೇಕು ಎಂದು ಅಂಗಡಿ ಜಗಲಿಯಲ್ಲಿ ಕುಳಿತು ಹೇಳಿದ್ದೂ ಉಂಟು. ಈಗ ಆ ನಕಲನ್ನು ಓದುವಾಗ ನನಗೇ ನಗು ಬರುತ್ತದೆ. ಆ ಪತ್ರ ಓದಿ ಯಾರಿಗಾದರೂ ಏನು ಸಿಗುತ್ತದೆ? ನಮ್ಮ ಗ್ರಾಮದಲ್ಲೇ ಇಂಥ ತೋಟ ನಲುವತ್ತು ಉಂಟು. ಕಾರ್ಯಕ್ರಮ ಮಾಡುವವರ ಮೇಜಿನ ಮೇಲೆ ಇಂಥದೇ ಪತ್ರ ನಾನೂರು ಇದ್ದೀತು.

ಇದನ್ನು ಬರೆಯಲು ಕಾರಣ ಉಂಟು. ಈಚೆಗೆ ಮೂರು-ನಾಲ್ಕು ಮಂದಿ ಕೃಷಿಕ ಮಿತ್ರರು, ‘ನೀವು ರೇಡಿಯೋದಲ್ಲಿ ಬಂದಿರಿ, ಪಾಡ್‌ಕಾಸ್ಟಿನಲ್ಲೂ ಬಂದಿರಿ, ನಮ್ಮದೂ ಒಂದು ಬರಬೇಕಾದರೆ ಯಾರನ್ನು ಹಿಡಿಯಬೇಕು?’ ಎಂದು ಕೇಳಿದರು. ಯಾರನ್ನೂ ಹಿಡಿಯಬೇಕಾಗಿಲ್ಲ. ಕೇಳುವವನಿಗೆ ನಿಮ್ಮಿಂದ ಏನು ಪ್ರಯೋಜನ ಎಂದು ಹೇಳಲು ಗೊತ್ತಿದ್ದರೆ ಸಾಕು. ಆದರೆ ಬಂದಮೇಲೆ ಏನಾಗುತ್ತದೆ ಎನ್ನುವುದನ್ನೂ ಹೇಳಬೇಕು. ನನಗೆ ಅದನ್ನು ಯಾರೂ ಹೇಳಿರಲಿಲ್ಲ.

ಎಂಟು ಕಿಲೋದ ಲೆಕ್ಕ

ನಮ್ಮಲ್ಲಿ ಮೆಣಸು ಕೊಯ್ಯಲು ಏಣಿ ಹತ್ತುವ ಜನ ಸಮಯಕ್ಕೆ ಸಿಗುವುದಿಲ್ಲ. ಕತಿರಿನಲ್ಲಿ ಒಂದೆರಡು ಕಾಳು ಕೆಂಪಾಗುವಾಗ ಕೊಯ್ಯಬೇಕಾದದ್ದು ತಡವಾಗಿ ಅರ್ಧಕ್ಕರ್ಧ ಹಣ್ಣಾಗಿರುತ್ತದೆ. ಹಣ್ಣಾದದ್ದನ್ನು ಹಾಗೇ ಒಣಗಿಸುವ ಬದಲು ಬೋಳುಕಾಳು ಮಾಡೋಣ ಅಂತ ಹೊರಟೆ. ಮೊದಲ ವರ್ಷ 60 ಕಿಲೋ ಹಣ್ಣು ಮೆಣಸನ್ನು ಡ್ರಮ್ಮಿಗೆ ಹಾಕಿ, ನೀರು ತುಂಬಿಸಿ, ಮುಚ್ಚಿಟ್ಟೆ. ಹತ್ತನೇ ದಿನ ಮುಚ್ಚಳ ತೆಗೆದರೆ, ಮಾರಾಯ್ರೆ, ಹಟ್ಟಿಯಲ್ಲಿದ್ದ ದನ ಕೂಡಾ ಎದ್ದು ನಿಂತಿತು! ತಿಕ್ಕಿ ತೊಳೆದು ಒಣಗಿಸಿ ಪೇಟೆಗೆ ಕೊಂಡುಹೋದೆ. ವ್ಯಾಪಾರಿ ಒಂದು ಮುಷ್ಟಿ ತೆಗೆದು ಮೂಸಿ, ಮಾತಾಡದೆ ಚೀಲಕ್ಕೇ ಹಾಕಿದ. ಮರುವರ್ಷ ಸಿಮೆಂಟಿನ ಸಣ್ಣ ತೊಟ್ಟಿ ಕಟ್ಟಿಸಿ, ದಿನಾ ನೀರು ಬದಲಾಯಿಸಿದೆ. ಹಳೆ ನೀರನ್ನು ಅಡಿಕೆ ಬುಡಕ್ಕೆ ಬಿಟ್ಟೆ. ಏಳೆಂಟು ದಿನಕ್ಕೆ ಸಿಪ್ಪೆ ಸಡಿಲವಾಯಿತು, ಎರಡು-ಮೂರು ದಿನ ಬಿಸಿಲು ಸಾಕಾಯಿತು. ವಾಸನೆ ಪೂರ್ತಿ ಹೋಗಲಿಲ್ಲ, ಆದರೆ ವ್ಯಾಪಾರಿ ಚೀಲ ಹಿಂದೆ ಕೊಡಲಿಲ್ಲ.

2011ರಲ್ಲಿ ಅದೇ ಕೇಂದ್ರಕ್ಕೆ ಎರಡನೇ ಸಲ ಬರೆದೆ. ಈ ಸಲ ಒಂದು ಕಾರ್ಡು ಮಾತ್ರ:

‘ಮಾನ್ಯರೇ, 100 ಕಿಲೋ ಹಸಿ ಮೆಣಸಿನಿಂದ ನನಗೆ ಸುಮಾರು 33 ಕಿಲೋ ಕರಿಮೆಣಸು ಸಿಗುತ್ತದೆ. ಬೋಳುಕಾಳು ಮಾಡಿದರೆ 25 ಕಿಲೋ. ಎಂಟು ಕಿಲೋ ಕಳಕೊಂಡೂ ನಾನು ಬೋಳುಕಾಳು ಮಾಡುವುದು ಯಾಕೆ, ಯಾವ ವರ್ಷ ಮಾಡುವುದಿಲ್ಲ ಎಂಬುದನ್ನು ಹತ್ತು ನಿಮಿಷದಲ್ಲಿ ಹೇಳಬಲ್ಲೆ. ಮೊದಲ ವರ್ಷ ಮಾಡಿದ್ದು ನಾರಿ ಹಾಳಾಯಿತು. ಆ ತಪ್ಪನ್ನೂ ಹೇಳುತ್ತೇನೆ. ನಮ್ಮ ಕಡೆ ಕೊಯ್ಲು ಜನವರಿಗೆ. ಡಿಸೆಂಬರಿನಲ್ಲಿ ಪ್ರಸಾರವಾದರೆ ಕೇಳುಗರಿಗೆ ಉಪಯೋಗವಾದೀತು. ಸಂಜೆ ಐದರ ಮೇಲೆ ಫೋನಿಗೆ ಸಿಗುತ್ತೇನೆ.’

ಹದಿನೆಂಟು ದಿನಕ್ಕೆ ಫೋನ್ ಬಂತು. ಮೂರೂವರೆ ಎಕರೆಯ ಮಾತೂ ಇಲ್ಲ, ಶಾಲಿನ ಮಾತೂ ಇಲ್ಲ. ಅವರು ಕೇಳಿದ ಮೊದಲ ಪ್ರಶ್ನೆಯೇ, ‘ಎಂಟು ಕಿಲೋ ಕಳಕೊಂಡು ಯಾಕೆ ಮಾಡ್ತೀರಿ?’

ಎರಡು ಪತ್ರಗಳ ನಡುವೆ ನಾನೇನೂ ದೊಡ್ಡ ಕೃಷಿಕ ಆಗಿರಲಿಲ್ಲ. ಮೊದಲನೆಯದು ‘ನನ್ನನ್ನು ನೋಡಿ’ ಅನ್ನುತ್ತಿತ್ತು. ಎರಡನೆಯದರಲ್ಲಿ ಕೇಳುವವನ ಮೆಣಸಿನ ಚೀಲದ ವಿಷಯ ಇತ್ತು. ಒಂದು ಬೆಳೆಯಲ್ಲಿ ಒಂದು ಕೆಲಸ, ಅದಕ್ಕೊಂದು ಲೆಕ್ಕ, ಅದರ ಒಂದು ಸೋಲು. ಏಳು ಬೆಳೆ ಹೇಳಹೊರಟರೆ ಒಂದೂ ನೆನಪಿರುವುದಿಲ್ಲ.

ಸೋಲನ್ನು ಹೇಳಲು ನಮ್ಮವರಿಗೆ ನಾಚಿಕೆ. ಯಾಕೋ ಗೊತ್ತಿಲ್ಲ. ನಮ್ಮ ಬಂಟ್ವಾಳ ತಾಲೂಕಿನ ಅಮೈ ಮಹಾಲಿಂಗ ನಾಯ್ಕರನ್ನೇ ನೋಡಿ. ಕೂಲಿ ಕೆಲಸ ಮಾಡುತ್ತಿದ್ದವರು, ಬೋಳು ಗುಡ್ಡದ ಎರಡು ಎಕರೆಗೆ ನೀರು ತರಲು ಒಬ್ಬರೇ ಸುರಂಗ ಕೊರೆದವರು. 2022ರಲ್ಲಿ ಪದ್ಮಶ್ರೀ ಬಂತು. ಅವರ ಬಗ್ಗೆ ಓದಿದ ಯಾರನ್ನು ಕೇಳಿದರೂ ಮೊದಲು ಹೇಳುವುದು ನೀರು ಸಿಗದೆ ಬಿಟ್ಟ ಸುರಂಗಗಳ ಸುದ್ದಿಯನ್ನೇ. ಮೊದಲ ಸುರಂಗದಲ್ಲೇ ನೀರು ಬಂದಿದ್ದರೆ ಅಷ್ಟು ಮಂದಿ ಬರೆಯುತ್ತಿದ್ದರೋ ಇಲ್ಲವೋ. ಅವರು ಯಾರಿಗೂ ಅರ್ಜಿ ಹಾಕಿದವರಲ್ಲ, ಅದು ಬೇರೆ ಮಾತು.

ಹೇಳಲು ಸುಲಭವಾದ ಹೆಸರೂ ಬೇಕು. 2021ರಲ್ಲಿ ಬಾಳೆಗೊನೆಗೆ ಬೆಲೆ ಇಲ್ಲದೆ ಕೊಳೆಯುವ ಹೊತ್ತಿನಲ್ಲಿ ಬಾಳೆಕಾಯಿ ಹುಡಿ ಮಾಡುವ ಸುದ್ದಿ ಎಷ್ಟು ಬೇಗ ಹಬ್ಬಿತು ನೆನಪುಂಟಲ್ಲ? ‘ಬಾಕಾಹು’ ಎಂಬ ಮೂರಕ್ಷರ ಅದಕ್ಕೆ ಕಾಲು ಕೊಟ್ಟಿತು. ಆ ಜುಲೈಯಲ್ಲಿ ಪ್ರಧಾನಿಯವರ ‘ಮನ್ ಕಿ ಬಾತ್’ನಲ್ಲೂ ದಕ್ಷಿಣ ಕನ್ನಡ, ಉತ್ತರ ಕನ್ನಡದ ಹೆಂಗಸರು ಮಾಡಿದ ಬಾಳೆಕಾಯಿ ಹುಡಿಯ ಮಾತು ಬಂತು. ಗೊನೆ ಮಾರಲಾಗದೆ ಕುಳಿತವನ ಅವತ್ತಿನ ತಲೆನೋವಿಗೆ ಅದು ಅವತ್ತೇ ಉತ್ತರ ಆಗಿತ್ತು. ಅದೇ ಹುಡಿ, ಗೊನೆಗೆ ಒಳ್ಳೆ ಕ್ರಯ ಇದ್ದ ವರ್ಷ ಬಂದಿದ್ದರೆ ಯಾರು ಕಿವಿ ಕೊಡುತ್ತಿದ್ದರು?

ಯಾವಾಗ, ಯಾರಿಗೆ

ನಾವು ಕೃಷಿಕರು ಮಾಡುವ ದೊಡ್ಡ ತಪ್ಪು ಕೊಯ್ಲಿನ ಖುಷಿಯಲ್ಲಿ ಬರೆಯುವುದು. ಮೆಣಸು ಒಣಗಿ ಚೀಲ ಸೇರಿದ ಮೇಲೆ ಏಪ್ರಿಲಿನಲ್ಲಿ ಬರೆದರೆ ಕೇಳುಗನಿಗೆ ಮತ್ತೆ ಎಂಟು ತಿಂಗಳು ಅದರಿಂದ ಕೆಲಸವಿಲ್ಲ. ಕೆಲಸ ಶುರುವಾಗುವ ಎರಡು ತಿಂಗಳ ಮೊದಲು ಬರೆಯಬೇಕು. ಮಾಸಪತ್ರಿಕೆಯಾದರೆ ಇನ್ನೂ ಒಂದು ತಿಂಗಳು ಮೊದಲು, ಯಾಕೆಂದರೆ ಜನವರಿ ಸಂಚಿಕೆಯ ಪುಟಗಳು ನವೆಂಬರಿನಲ್ಲೇ ತುಂಬಿರುತ್ತವೆ. ಫೋಟೋ ಮಾತ್ರ ಹಿಂದಿನ ಹಂಗಾಮಿನದ್ದೇ ಬೇಕು. ಆದ್ದರಿಂದ ಕೊಯ್ಲಿನ ಸಮಯ ನಾಲ್ಕು ಫೋಟೋ ತೆಗೆದಿಡಿ: ತೊಟ್ಟಿ, ಸಿಪ್ಪೆ ಬಿಡಿಸುವ ಕೈ, ಹಾಳಾದದ್ದು, ಸರಿಯಾದದ್ದು. ನೀವು ಬಿಳಿ ಅಂಗಿ ಹಾಕಿ ತೋಟದಲ್ಲಿ ಕೈ ಕಟ್ಟಿ ನಿಂತದ್ದು ಬೇಡ.

ಬಾಗಿಲುಗಳು ನಾವು ಎಣಿಸಿದ್ದಕ್ಕಿಂತ ಹೆಚ್ಚು ಉಂಟು. ಆಕಾಶವಾಣಿಯಲ್ಲಿ 1966ರಿಂದಲೇ ಕೃಷಿಗೆಂದು ಬೇರೆ ವಿಭಾಗ ಮಾಡಿದ್ದಾರೆ. ನಿಲಯ ನಿರ್ದೇಶಕರು ಎಂದು ಬರೆಯುವ ಬದಲು ಲಕೋಟೆಯ ಮೇಲೆ ‘ಕೃಷಿ ವಿಭಾಗ’ ಎಂದು ಬರೆದರೆ ಪತ್ರ ನೇರ ತಲುಪುತ್ತದೆ. ಸಮುದಾಯ ಬಾನುಲಿಗಳೂ ಇವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ 2007ರಲ್ಲೇ ತನ್ನದೇ ಕೇಂದ್ರ ತೆರೆಯಿತು. ಮಂಗಳೂರಿನ ಕಾಲೇಜೊಂದರ ‘ಸಾರಂಗ್’ 2009ರದ್ದು. ಇವು ಕೇಳಿಸುವುದು ಹತ್ತು-ಹದಿನೈದು ಕಿಲೋಮೀಟರ್ ಅಷ್ಟೆ. ಹಾಗಂತ ಸಣ್ಣದೆಂದು ಬಿಡಬೇಡಿ. ಮಾತಾಡಿ ಅಭ್ಯಾಸ ಇಲ್ಲದವರಿಗೆ ಮೊದಲು ಅಲ್ಲಿ ಹೋಗುವುದೇ ಒಳ್ಳೆಯದು. ಅಲ್ಲಿ ಕೇಳುವವರು ನಿಮ್ಮ ಮಣ್ಣಿನವರೇ. ನಿಮ್ಮ ಮಳೆ, ನಿಮ್ಮ ಪೇಟೆ ಅವರಿಗೆ ಗೊತ್ತು. ತಪ್ಪು ಹೇಳಿದರೆ ಮರುದಿನ ಹಾಲಿನ ಡಿಪೋದಲ್ಲೇ ತಿದ್ದುತ್ತಾರೆ!

ಯಾರಿಗೇ ಬರೆಯಿರಿ, ಮೊದಲು ಅವರದ್ದನ್ನು ಎರಡು-ಮೂರು ಸಲ ಕೇಳಿ. ಪಾಡ್‌ಕಾಸ್ಟ್ ಅಂದರೆ ಬೇಕಾದಾಗ ಮೊಬೈಲಿನಲ್ಲಿ ಕೇಳುವ ರೇಡಿಯೋ ಇದ್ದ ಹಾಗೆ. ಹಳೆ ಕಂತುಗಳೆಲ್ಲ ಅಲ್ಲೇ ಇರುತ್ತವೆ, ಆದ್ದರಿಂದ ಕೇಳಿಲ್ಲ ಅನ್ನಲು ನೆವ ಇಲ್ಲ. 2022ರಲ್ಲಿ ಒಂದು ಪಾಡ್‌ಕಾಸ್ಟಿನವರಿಗೆ ನಾನು ವಾಟ್ಸಾಪಿನಲ್ಲಿ ಬರೆದದ್ದು ಹೀಗೆ: ‘ಮೆಣಸಿನ ಸೊರಗು ರೋಗದ ನಿಮ್ಮ ಕಂತು ಕೇಳಿದೆ. ಬಳ್ಳಿ ಉಳಿಸುವುದು ಹೇಗೆಂದು ಹೇಳಿದ್ದೀರಿ. ಉಳಿದ ಬಳ್ಳಿಯ ಮೆಣಸಿಗೆ ಎರಡು ಕಾಸು ಹೆಚ್ಚು ಮಾಡುವ ಮಾತು ನಿಮ್ಮಲ್ಲಿ ಬಂದಿಲ್ಲ. ಅದನ್ನು ಹೇಳಬಲ್ಲೆ.’ ಜೊತೆಗೆ ಒಂದು ನಿಮಿಷದ ಧ್ವನಿ ಕಳಿಸಿದೆ. ಈ ಒಂದು ನಿಮಿಷ ಮುಖ್ಯ. ಅವರಿಗೆ ಬೇಕಾದದ್ದು ಮುಕ್ಕಾಲು ಗಂಟೆ ಕೇಳಬಹುದಾದ ಸ್ವರ. ಬರವಣಿಗೆ ನೋಡಿ ಅದು ಗೊತ್ತಾಗುವುದಿಲ್ಲ. ಮನೆಯಲ್ಲಿ ಮಾತಾಡುವ ಕನ್ನಡದಲ್ಲೇ ಮಾತಾಡಿ. ‘ಸದರಿ ವಿಧಾನವನ್ನು ಅಳವಡಿಸಿಕೊಳ್ಳಲಾಗಿ’ ಅಂತ ಶುರುಮಾಡಿದರೆ ಅವರು ಹತ್ತು ಸೆಕೆಂಡೂ ಕೇಳಲಿಕ್ಕಿಲ್ಲ.

ಉತ್ತರ ಬಾರದಿದ್ದರೆ ಎರಡು-ಮೂರು ವಾರ ಬಿಟ್ಟು ಒಂದು ಸಲ ನೆನಪಿಸಿ. ಆಗಲೂ ಬರದಿದ್ದರೆ ಬೇರೆಯವರಿಗೆ ಬರೆಯಿರಿ. ದಿನಾ ಬೆಳಿಗ್ಗೆ ಹೂವಿನ ಚಿತ್ರ ಕಳಿಸಿ ನೆನಪಿಸುವುದು ಬೇಡ. ಒಂದೇ ಸಂಗತಿಯನ್ನು ಒಂದೇ ದಿನ ಐದು ಕಡೆಗೆ ಕಳಿಸುವುದೂ ಸರಿಯಲ್ಲ. ಅವರವರಲ್ಲಿ ಮಾತು ಗೊತ್ತಾಗಿಯೇ ಆಗುತ್ತದೆ.

ಅಡಿಕೆ ಚೀಲದ ಕೋಣೆ

ರೆಕಾರ್ಡಿಂಗ್ ಬಗ್ಗೆ ಎರಡು ಮಾತು. ನನ್ನ ಪಾಡ್‌ಕಾಸ್ಟ್ ಫೋನಿನಲ್ಲೇ ಆದದ್ದು. ಚಾವಡಿಯಲ್ಲಿ ಕುಳಿತರೆ ಸ್ವರ ಗೋಡೆಗೆ ಹೊಡೆದು ಗುಂಯ್ ಅನ್ನುತ್ತಿತ್ತು. ಅಡಿಕೆ ಚೀಲ ಒಟ್ಟಿದ ಕೋಣೆಗೆ ಹೋಗಿ ಕುಳಿತೆ, ಗುಂಯ್ ನಿಂತಿತು! ಚೀಲ ಇಲ್ಲದವರು ಹಾಸಿಗೆ, ಕಂಬಳಿ ಇರುವ ಕೋಣೆ ನೋಡಿ. ಫ್ಯಾನ್ ನಿಲ್ಲಿಸಿ. ಶೀಟಿನ ಮಾಡು ಇದ್ದರೆ ಮಳೆಗಾಲದಲ್ಲಿ ಒಪ್ಪಿಕೊಳ್ಳಲೇಬೇಡಿ. ಮಾತಾಡುವ ಫೋನ್ ಒಂದು, ಬಾಯಿಯಿಂದ ಒಂದು ಗೇಣು ದೂರದಲ್ಲಿ ಬರೇ ರೆಕಾರ್ಡು ಮಾಡಲು ಇನ್ನೊಂದು ಫೋನ್ ಇಟ್ಟರೆ ನೆಟ್‌ವರ್ಕ್ ಕೈಕೊಟ್ಟರೂ ನಿಮ್ಮ ಮಾತು ಉಳಿಯುತ್ತದೆ. ಆ ಫೈಲನ್ನು ಮತ್ತೆ ಕಳಿಸಿಕೊಡಬಹುದು. ಎರಡನೇ ಫೋನನ್ನು ನಾನು ಮಗಳಿಂದ ಒಂದು ಗಂಟೆಗೆ ಸಾಲ ಪಡೆದೆ, ಅದೇ ಎಲ್ಲಕ್ಕಿಂತ ಕಷ್ಟದ ಕೆಲಸ.

ರೇಡಿಯೋದಲ್ಲಿ ಬರೆದು ಓದುವ ಭಾಷಣವಾದರೆ ಮನೆಯಲ್ಲಿ ಗಡಿಯಾರ ಇಟ್ಟು ಗಟ್ಟಿಯಾಗಿ ಓದಿ ನೋಡಿ. ಮನಸ್ಸಿನಲ್ಲಿ ಓದಿದರೆ ಲೆಕ್ಕ ತಪ್ಪುತ್ತದೆ. ಸಂದರ್ಶನವಾದರೆ ಬರೆದುಕೊಂಡು ಹೋಗಲೇಬೇಡಿ. ಒಂದು ಚೀಟಿಯಲ್ಲಿ ಅಂಕೆಗಳು ಮಾತ್ರ ಇರಲಿ: ಎಷ್ಟು ಕಿಲೋ, ಎಷ್ಟು ದಿನ, ಎಷ್ಟು ಆಳು, ಯಾವ ವರ್ಷದ ಕ್ರಯ. ನಾಲಿಗೆ ಜಾರುವುದು ಅಂಕೆಗಳಲ್ಲೇ.

ಬಂದ ಮೇಲೆ

ಇನ್ನು ನನಗೆ ಯಾರೂ ಹೇಳದಿದ್ದ ಭಾಗ.

ಪಾಡ್‌ಕಾಸ್ಟ್ ಬಂದ ಮೂರು ದಿನಕ್ಕೆ ಫೋನ್ ಶುರು. ಹಾಲು ಕರೆಯುವಾಗ, ಊಟಕ್ಕೆ ಕುಳಿತಾಗ, ರಾತ್ರಿ ಹತ್ತಕ್ಕೆ. ಮಸ್ಕತ್ತಿನಲ್ಲಿರುವ ನಮ್ಮೂರ ಕಡೆಯವರೊಬ್ಬರು ಅವರ ಎಂಟೂವರೆಗೆ ಕೆಲಸ ಮುಗಿಸಿ ಫೋನ್ ಮಾಡಿದರೆ ಇಲ್ಲಿ ಹತ್ತು ಗಂಟೆ. ಅವರಿಗೆ ಮನೆಯಲ್ಲಿ ತಾಯಿ ಮಾತ್ರ, ಎರಡು ಎಕರೆ ತೋಟ. ಎಲ್ಲಾ ಮೆಣಸನ್ನೂ ಬೋಳುಕಾಳು ಮಾಡಿಸಬಹುದಾ ಎಂದು ಕೇಳಿದರು. ಬೇಡ ಅಂದೆ. ಲೆಕ್ಕ ಹೇಳಿದೆ. ಕರಿಮೆಣಸಿಗೆ ಕಿಲೋಗೆ 600 ರೂಪಾಯಿ ಅಂತ ಇಟ್ಟುಕೊಳ್ಳಿ. 33 ಕಿಲೋಕ್ಕೆ 19,800 ಆಯಿತು. ಅಷ್ಟೇ ಹಣ 25 ಕಿಲೋ ಬೋಳುಕಾಳಿನಿಂದ ಬರಬೇಕಾದರೆ ಕಿಲೋಗೆ 792 ಸಿಗಬೇಕು. ಇದು ಬರೇ ಸರಿದೂಗಿದ್ದು. ನೀರು ಬದಲಾಯಿಸುವ, ತಿಕ್ಕುವ, ತೊಳೆಯುವ ಕೂಲಿ ಇನ್ನೂ ಸೇರಿಲ್ಲ. ಆ ವ್ಯತ್ಯಾಸ ಇಲ್ಲದ ವರ್ಷ ನಾನೇ ಮಾಡುವುದಿಲ್ಲ.

ಅವರಿಗೆ ಹೇಳಿದ ಈ ಲೆಕ್ಕವನ್ನು ಪಾಡ್‌ಕಾಸ್ಟಿನಲ್ಲಿ ನಾನು ಇಷ್ಟು ಬಿಡಿಸಿ ಹೇಳಿರಲಿಲ್ಲ. ಡ್ರಮ್ಮು ನಾರಿದ ಕತೆಯನ್ನು ಹೇಳಿದ್ದೆ. ಕಂತು ಉದ್ದವಾಯಿತೆಂದು ಅದನ್ನು ಅವರು ಕತ್ತರಿಸಿದ್ದರು. ಶಿರೋನಾಮೆಯಲ್ಲಿ ‘ದುಪ್ಪಟ್ಟು ಲಾಭ’ ಅಂತ ಬಂದಿತ್ತು. ನಾನು ದುಪ್ಪಟ್ಟು ಎಂಬ ಶಬ್ದವನ್ನೇ ಬಳಸಿರಲಿಲ್ಲ. ಆದರೆ ಆಗ ತಿದ್ದಿಸಲಿಕ್ಕೂ ಹೋಗಲಿಲ್ಲ. ನಿಜ ಹೇಳುತ್ತೇನೆ, ಒಳಗೊಳಗೆ ಖುಷಿಯೇ ಆಗಿತ್ತು.

2023ರ ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಘಟ್ಟದ ಮೇಲಿನ ಊರಿನಿಂದ ಒಬ್ಬ ಹುಡುಗ ಬೈಕಿನಲ್ಲಿ ಬಂದ. ಪೇಟೆಯ ಕೆಲಸ ಬಿಟ್ಟು ತಂದೆಯ ತೋಟಕ್ಕೆ ಬಂದವನು. ಜಗಲಿಯಲ್ಲಿ ಕುಳಿತು ಚೀಲದಿಂದ ಒಂದು ಪ್ಲಾಸ್ಟಿಕ್ ಕಟ್ಟು ತೆಗೆದಿಟ್ಟ. ಬಿಚ್ಚುವ ಮೊದಲೇ ನನಗೆ ಗೊತ್ತಾಯಿತು, ಅದೇ ವಾಸನೆ. ಎಳೆಯದು ಬಲಿತದ್ದು ಎಂದು ನೋಡದೆ ಮೂರು ಕ್ವಿಂಟಾಲ್ ಹಸಿ ಮೆಣಸು, ಅಂದರೆ ಆ ವರ್ಷದ ಪೂರ್ತಿ ಬೆಳೆ, ಡ್ರಮ್ಮುಗಳಿಗೆ ಹಾಕಿ ಮುಚ್ಚಿಟ್ಟಿದ್ದಾನೆ. ಅರ್ಧಕ್ಕೆ ಸಿಪ್ಪೆ ಬಿಟ್ಟಿಲ್ಲ, ಬಿಟ್ಟದ್ದು ಕಪ್ಪು ಕಪ್ಪು. ಕರಿಮೆಣಸಾಗಿ ಒಣಗಿಸಿದ್ದರೆ ಒಂದು ಕ್ವಿಂಟಾಲ್ ಹತ್ತಿರ ಆಗುತ್ತಿತ್ತು. ಯಾರೂ ಮುಟ್ಟಲಿಲ್ಲವಂತೆ. ಬೈಯ್ಯಲಿಲ್ಲ ಹುಡುಗ. ‘ನಿಮ್ಮದನ್ನು ಎರಡು ಸಲ ಕೇಳಿಯೇ ಮಾಡಿದ್ದು. ನಾನು ಎಲ್ಲಿ ತಪ್ಪಿದೆ?’ ಎಂದು ಕೇಳಿದ.

ನೀನು ತಪ್ಪಿದ್ದಲ್ಲ ಅಂದೆ. ಇನ್ನೇನು ಹೇಳಲಿ. ಮಜ್ಜಿಗೆ ಕುಡಿದು ತೊಟ್ಟಿ ನೋಡಿ ಹೋದ. ಅವನು ಹೋದ ಮೇಲೆ ಆ ಕಂತನ್ನು ನಾನು ಮೊದಲ ಸಲ ಪೂರ್ತಿ ಕೇಳಿದೆ. ಅದುವರೆಗೆ ನನ್ನ ಸ್ವರ ಎಷ್ಟು ಚೆನ್ನಾಗಿ ಬಂದಿದೆ ಎಂದಷ್ಟೇ ಕೇಳಿದ್ದೆ. ನಲುವತ್ತು ನಿಮಿಷದಲ್ಲಿ ‘ದಿನಾ ನೀರು ಬದಲಾಯಿಸಬೇಕು’ ಅನ್ನುವುದು ಒಂದೇ ಸಲ, ಅದೂ ನಗುವಿನ ಮಧ್ಯೆ. ‘ಹಣ್ಣಾದದ್ದು ಮಾತ್ರ’ ಅನ್ನುವುದು ಇಲ್ಲವೇ ಇಲ್ಲ. ನನಗೆ ಅದು ಹೇಳಬೇಕಾದ ವಿಷಯ ಅಂತಲೇ ಅನಿಸಿರಲಿಲ್ಲ. ನಮಗೆ ದಿನಾ ಕಂಡು ಅಭ್ಯಾಸವಾದದ್ದೇ ಬಾಯಿಗೆ ಬರುವುದಿಲ್ಲ ನೋಡಿ.

ಅವತ್ತೇ ಅವರಿಗೆ ಫೋನ್ ಮಾಡಿದೆ. ಒಳ್ಳೆಯವರು, ಶಿರೋನಾಮೆ ಬದಲಾಯಿಸಿದರು. ಎರಡು ನಿಮಿಷ ತಿದ್ದುಪಡಿ ಮಾತಾಡಿ ಕಳಿಸಿದೆ, ಕಂತಿನ ಮೊದಲಿಗೇ ಸೇರಿಸಿದರು. ಹುಡುಗನ ಮೂರು ಕ್ವಿಂಟಾಲಿಗೆ ಅದರಿಂದ ಏನೂ ಆಗಲಿಲ್ಲ.

ಆಮೇಲಿನಿಂದ ಯಾರು ಕರೆದರೂ ಒಪ್ಪುವ ಮೊದಲೇ ನಾಲ್ಕು ಮಾತು ಹೇಳಿಬಿಡುತ್ತೇನೆ. ಹಾಳಾದ ಕತೆಯನ್ನು ಕತ್ತರಿಸಬಾರದು. ಕ್ರಯ ಹೇಳುವುದಿದ್ದರೆ ವರ್ಷ ಸೇರಿಸಿ, ಖರ್ಚು ಸೇರಿಸಿ ಹೇಳಬೇಕು. ಶಿರೋನಾಮೆಯನ್ನು ನನಗೆ ಮೊದಲೇ ಓದಿ ಹೇಳಬೇಕು. ನನ್ನ ಫೋನ್ ನಂಬ್ರ ಹಾಕುವುದಾದರೆ ಸಂಜೆ ಐದರಿಂದ ಏಳು ಎಂದೂ ಹಾಕಬೇಕು. ಇಲ್ಲಿವರೆಗೆ ಒಬ್ಬರು ಮಾತ್ರ ಆಗುವುದಿಲ್ಲ ಅಂದರು. ಅಲ್ಲಿಗೆ ನಾನು ಹೋಗಲಿಲ್ಲ. ದೊಡ್ಡ ಹೆಸರಿನ ವೀಡಿಯೋ ಚಾನೆಲ್. ಮನೆಯವರಿಗೆ ಇವತ್ತಿಗೂ ಅದರ ಬಗ್ಗೆ ಸ್ವಲ್ಪ ಬೇಸರ ಉಂಟು.

ಇನ್ನೊಂದು. ಗಿಡ ಮಾರುವವರು, ಯಂತ್ರ ಮಾರುವವರು ತಮ್ಮ ಮಾಲಿನ ಬಗ್ಗೆ ಹೇಳಲು ಚಾನೆಲುಗಳಿಗೆ ಹಣ ಕೊಡುವುದುಂಟು, ಅದು ಅವರ ವ್ಯಾಪಾರ. ಆದರೆ ‘ನಿಮ್ಮ ತೋಟದ ಸಂದರ್ಶನ ಮಾಡುತ್ತೇವೆ, ಇಷ್ಟು ಕೊಡಿ’ ಎಂದು ನಿಮ್ಮಲ್ಲಿ ಕೇಳಿದರೆ ಕೊಡಬೇಡಿ. ಅದು ಜಾಹೀರಾತು. ಜಾಹೀರಾತಿನಲ್ಲಿ ಹಾಳಾದ ಡ್ರಮ್ಮಿಗೆ ಜಾಗ ಇರುವುದಿಲ್ಲ.

ಆ ಹುಡುಗ ಕಳೆದ ವರ್ಷ ಹಣ್ಣು ಮೆಣಸು ಮಾತ್ರ ಆರಿಸಿ 40 ಕಿಲೋ ಹಾಕಿ ನೋಡಿದನಂತೆ. ಹತ್ತು ಕಿಲೋಕ್ಕೆ ಸ್ವಲ್ಪ ಕಡಿಮೆ ಬಂತಂತೆ. ಘಟ್ಟದ ಮೇಲೆ ಚಳಿ ಹೆಚ್ಚು, ಸಿಪ್ಪೆ ಸಡಿಲವಾಗಲು ನಮಗಿಂತ ಮೂರು ದಿನ ಹೆಚ್ಚು ಬೇಕಾಯಿತು ಎಂದ. ನನಗೆ ಅದು ಗೊತ್ತಿರಲಿಲ್ಲ. ಸಮುದಾಯ ಬಾನುಲಿಗೆ ಅದನ್ನೇ ಬರೆ, ನಿನ್ನ ಮೂರು ಕ್ವಿಂಟಾಲಿನ ಸುದ್ದಿಯಿಂದಲೇ ಶುರುಮಾಡು ಅಂದಿದ್ದೇನೆ. ಬರೆಯಲು ನಾಚಿಕೆ ಅನ್ನುತ್ತಾನೆ. ಅಕ್ಟೋಬರ್ ಮುಗಿಯುವ ಮೊದಲು ಬರೆದರೆ ಆಯಿತು, ಸಮಯ ಉಂಟು.

ತೊಟ್ಟಿ ನೋಡಬೇಕೆನ್ನುವವರು ಭಾನುವಾರ ಮಧ್ಯಾಹ್ನದ ಮೇಲೆ ಬನ್ನಿ, ಮೊದಲು ಒಂದು ಫೋನ್ ಮಾಡಿ. ಫೆಬ್ರವರಿಯಲ್ಲಿ ಬರುವುದಾದರೆ ವಾಸನೆ ಸ್ವಲ್ಪ ಸಹಿಸಿಕೊಳ್ಳಬೇಕು.